ಕೂಸು ಹುಟ್ಟುವ ಮೊದಲೇ ತೊಟ್ಟಿಲು: ಜೋಲಿಯೋ, ಮರದ ತೊಟ್ಟಿಲೋ, ಬೇಬಿ ಕಾಟೋ?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಆತುರಗಾರರನ್ನು ಗೇಲಿ ಮಾಡಲು ಹುಟ್ಟಿದ್ದು. ಆದರೆ ಕುಲಾವಿ ಹೊಲಿಯಬೇಕಾದ ಅಜ್ಜಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತುಮಕೂರಿನಲ್ಲಿದ್ದು, ಹುಟ್ಟಲಿರುವ ಕೂಸು ಕಾರವಾರದ ಜಡಿಮಳೆಯಲ್ಲಿ ಹುಟ್ಟಲಿದ್ದರೆ, ಮೊದಲೇ ಹೊಲಿಸದೆ ಬೇರೆ ದಾರಿಯಿರುವುದಿಲ್ಲ. ಕೈಗಾ, ನೌಕಾನೆಲೆ, ಬಂದರು, ಸರ್ಕಾರಿ ಕಚೇರಿ, ಶಾಲೆ ಎಂದು ನೌಕರಿಯ ನೆಪದಲ್ಲಿ ಈ ಊರಿಗೆ ಬಂದು ಬಾಡಿಗೆ ಮನೆಯಲ್ಲೋ ಕ್ವಾರ್ಟರ್ಸಿನಲ್ಲೋ ಇರುವ ದಂಪತಿಗಳು ನಮ್ಮ ಸುತ್ತ ಬಹಳ ಮಂದಿ. ಅವರಲ್ಲಿ ತವರಿಗೆ ಹೋಗಲಾಗದೆ ಇಲ್ಲಿಯೇ ಹೆರಿಗೆ ಮಾಡಿಸಿಕೊಳ್ಳುವವರು ಏಳನೆಯ ತಿಂಗಳ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಗುವನ್ನು ಎಲ್ಲಿ ಮಲಗಿಸುವುದು? ಜೋಲಿ ಸಾಕೆಂದು ಒಬ್ಬರು ಹೇಳಿದರೆ ಮರದ ತೊಟ್ಟಿಲೇ ಶುಭವೆಂದು ಇನ್ನೊಬ್ಬರು ಹೇಳುತ್ತಾರೆ, ಅಂಗಡಿಯವನು ಬೇಬಿ ಕಾಟ್ ತೋರಿಸುತ್ತಾನೆ, ಅತ್ತೆ ಫೋನಿನಲ್ಲಿ "ನಮ್ಮ ಮಕ್ಕಳೆಲ್ಲ ತಾಯಿಯ ಪಕ್ಕದಲ್ಲೇ ಮಲಗಿ ಬೆಳೆದವರು" ಎನ್ನುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಒಬ್ಬೊಬ್ಬರ ಮಾತಿನ ಹಿಂದೆಯೂ ಬೇರೆ ಬೇರೆ ರೀತಿಯ ಮನೆಯೊಂದು ಇರುತ್ತದೆ.

ಹೋಲಿಕೆಗೆ ತೊಡಗುವ ಮೊದಲು ಅಳತೆಗೋಲುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು ನಿದ್ದೆಯ ಸುರಕ್ಷತೆ. ಒಂದು ವರ್ಷ ತುಂಬುವವರೆಗೆ ಮಗು ಅಂಗಾತವಾಗಿ, ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ, ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಇಲ್ಲದೆ ಮಲಗಬೇಕು ಎಂಬುದು ಮಕ್ಕಳ ತಜ್ಞರ ಒಮ್ಮತದ ಸಲಹೆ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸುವಂತೆ ದೊಡ್ಡ ಪ್ರಚಾರ ನಡೆದ ನಂತರದ ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಳಿಯಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ನೆತ್ತಿಗೇರುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲೂ ಅನ್ನನಾಳ ಕೆಳಗೂ ಇರುವುದರಿಂದ, ಹೊರಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹರಿಯಬೇಕಾಗುತ್ತದೆ. ಬೋರಲಾಗಿ ಮಲಗಿದಾಗಲೇ ಅದಕ್ಕೆ ಹಾದಿ ಸುಲಭ. ತಲೆ ದುಂಡಗಾಗಲೆಂದು ರಾಗಿಯನ್ನೋ ಸಾಸಿವೆಯನ್ನೋ ತುಂಬಿ ಕಳುಹಿಸುವ ಪುಟ್ಟ ದಿಂಬನ್ನು ಪ್ರೀತಿಯಿಂದ ಸ್ವೀಕರಿಸಿ, ಕಪಾಟಿನಲ್ಲಿಡಿ.

ಎರಡನೆಯ ಅಳತೆಗೋಲನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ನನಗೆ ಮಾತ್ರ ಅದೇ ಮುಖ್ಯವೆನಿಸುತ್ತದೆ: ಮನೆಯಲ್ಲಿ ಎಷ್ಟು ಕೈಗಳಿವೆ? ನಮ್ಮ ಹಿರಿಯರ ಜೋಲಿ, ತೊಟ್ಟಿಲುಗಳು ಒಂಟಿಯಾಗಿ ಕೆಲಸ ಮಾಡಿದ ಸಾಧನಗಳಲ್ಲ. ಅದರ ಬಳಿ ಹೂಕಟ್ಟುತ್ತಲೋ ಅಡಿಕೆ ಕತ್ತರಿಸುತ್ತಲೋ ಒಬ್ಬ ಅಜ್ಜಿ ಕೂತಿರುತ್ತಿದ್ದರು. ಮಗುವಿನ ಮುಖದ ಮೇಲೆ ಬಟ್ಟೆ ಬಿದ್ದರೆ ಸರಿಸುತ್ತಿದ್ದರು, ಕತ್ತು ಬಾಗಿದರೆ ನೆಟ್ಟಗೆ ಮಾಡುತ್ತಿದ್ದರು. ಆ ಸಾಧನದ ಸುರಕ್ಷತೆಯ ಅರ್ಧ ಭಾಗ ಆ ಅಜ್ಜಿಯೇ ಆಗಿದ್ದರು. ಅಜ್ಜಿಯಿಲ್ಲದ ಮನೆಗೆ ಸಾಧನವನ್ನಷ್ಟೇ ತಂದರೆ ಅರ್ಧ ಮಾತ್ರ ತಂದಂತೆ. ಗಂಡ ಪಾಳಿಗೆ ಹೋಗಿ, ಬಾಣಂತಿ ಒಬ್ಬಳೇ ಉಳಿದು, ಅವಳು ಸ್ನಾನಕ್ಕೆ ಹೋಗಬೇಕಾದ ಹತ್ತು ನಿಮಿಷದಲ್ಲಿ ಮಗು ಯಾರ ಕಣ್ಣೂ ಇಲ್ಲದೆ ಎಲ್ಲಿ ಸುರಕ್ಷಿತವಾಗಿರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಮೂರನೆಯದು ಮಳೆ ಮತ್ತು ಉಪ್ಪುಗಾಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನಲ್ಲಿ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಿನಲ್ಲಿ ಹತ್ತಿ ತೇವ ಹೀರುತ್ತದೆ, ಬೆತ್ತಕ್ಕೆ ಬೂಷ್ಟು ಹಿಡಿಯುತ್ತದೆ, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ಉಬ್ಬುತ್ತದೆ, ಕಬ್ಬಿಣದ ಕೊಂಡಿಯೂ ಸ್ಪ್ರಿಂಗೂ ತುಕ್ಕು ಹಿಡಿಯುತ್ತವೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ವಸ್ತು ಇಲ್ಲಿ ಎರಡು ಮಳೆಗಾಲಕ್ಕೆ ಸುಸ್ತಾಗುವುದುಂಟು. ನಾಲ್ಕನೆಯದು ವರ್ಗಾವಣೆ, ಐದನೆಯದು ಹಣ. ಹಣದ ಲೆಕ್ಕದಲ್ಲಿ ಬೆಲೆಯಷ್ಟನ್ನೇ ನೋಡದೆ ಎಷ್ಟು ತಿಂಗಳು ಬಳಕೆಗೆ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಪ್ರತ್ಯೇಕ ಕೋಣೆ ಬೇಕೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ವ್ಯಯಿಸಬೇಕಾಗಿಲ್ಲ. ಕನಿಷ್ಠ ಮೊದಲ ಆರು ತಿಂಗಳು ಮಗು ತಂದೆತಾಯಿ ಮಲಗುವ ಕೋಣೆಯಲ್ಲಿಯೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದೆಂದು ವೈದ್ಯರು ಹೇಳುವುದರಿಂದ, ಒಂದೇ ಮಲಗುವ ಕೋಣೆಯ ಮನೆಯವರು ಕೊರಗುವ ಕಾರಣವಿಲ್ಲ. ಬೇಕಾಗಿರುವುದು ಒಂದು ಮೂಲೆ: ಮಳೆಯ ಎರಚಲು ಹೊಡೆಯುವ ಪಡುವಣ ಕಿಟಕಿಯಿಂದ ದೂರವಿರುವ, ಪರದೆಯ ಹಗ್ಗ, ವೈರು, ಗೋಡೆಯ ಕಪಾಟಿನ ಸಾಮಾನು ಮಗುವಿನ ಕೈಗೆ ನಿಲುಕದ, ಫ್ಯಾನಿನ ಗಾಳಿ ಆಡುವ ಮೂಲೆ. ಗೋಡೆಗೆ ಬಣ್ಣ ಹೊಡೆಸುವ ಆಸೆಯಿದ್ದರೆ ಏಪ್ರಿಲ್ ಒಳಗೆ ಮುಗಿಸಿ. ಮಳೆಯಲ್ಲಿ ಹೊಡೆದ ಬಣ್ಣ ಒಣಗುವುದೂ ಇಲ್ಲ, ಅದರ ವಾಸನೆ ಹೋಗುವುದೂ ಇಲ್ಲ. ಹಳೆಯ ಬಣ್ಣ ಕೆರೆಯುವ ಕೆಲಸ, ಬೂಷ್ಟು ಉಜ್ಜುವ ಕೆಲಸ ಎರಡನ್ನೂ ಗರ್ಭಿಣಿ ಮಾಡಬಾರದು. ಆ ಹೊತ್ತಿನಲ್ಲಿ ಅವಳು ನೆರೆಮನೆಯಲ್ಲಿ ಚಹಾ ಕುಡಿಯುತ್ತ ಕೂರಲಿ.

ಈಗ ಜೋಲಿಯ ವಿಚಾರ. ಇದರ ಬಗ್ಗೆ ಒಂದಿಷ್ಟು ವಿವರವಾಗಿಯೇ ಬರೆಯಬೇಕು, ಏಕೆಂದರೆ ಹೆಚ್ಚಿನವರ ಮನಸ್ಸು ಮೊದಲು ಓಡುವುದು ಅಲ್ಲಿಗೆ. ಅಮ್ಮನ ಹಳೆಯ ನೂಲಿನ ಸೀರೆಯೊಂದಿದ್ದರೆ ಖರ್ಚೇ ಇಲ್ಲ. ಒದ್ದೆಯಾದರೆ ತೊಳೆದು ಫ್ಯಾನಿನ ಕೆಳಗೆ ಹರವಿದರೆ ಜುಲೈ ತಿಂಗಳಲ್ಲಿಯೂ ಕೆಲವು ಗಂಟೆಗಳಲ್ಲಿ ಒಣಗುತ್ತದೆ. ಹಾಸಿಗೆ, ದಿಂಬು, ಮರ ಯಾವುದಕ್ಕೂ ಈ ಗುಣವಿಲ್ಲ. ಅತ್ತು ಅತ್ತು ಕೆಂಪಾದ ಕೂಸು ಜೋಲಿಯಲ್ಲಿ ನಾಲ್ಕು ತೂಗಿಗೆ ಸುಮ್ಮನಾಗುವುದನ್ನು ಕಂಡವರಿಗೆ ಅದರ ವಿರುದ್ಧ ಮಾತನಾಡುವುದು ಕಷ್ಟ. ನಮ್ಮ ಕೆಳಮನೆಯಲ್ಲಿದ್ದ ಕೊಂಕಣಿ ಮಾವಶಿ ತಮ್ಮ ಮೊಮ್ಮಕ್ಕಳ ಜೋಲಿಯ ಸೀರೆಯನ್ನು ನನಗಾಗಿ ತೊಳೆದು ಮಡಿಸಿ ತಂದಾಗ, ನನ್ನ ತವರಿನಿಂದ ಯಾರೋ ಬಂದಂತೆಯೇ ಆಗಿತ್ತು.

ಆದರೆ ಮೊದಲ ಅಳತೆಗೋಲಿನಲ್ಲಿಯೇ ಜೋಲಿ ಸೋಲುತ್ತದೆ. ಅದರ ತಳ ಸಮತಟ್ಟಲ್ಲ, ಬಿಲ್ಲಿನಂತೆ ಬಾಗಿರುತ್ತದೆ. ಕತ್ತು ಇನ್ನೂ ನಿಲ್ಲದ ಮಗುವಿನ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗಬಹುದು. ಎರಡೂ ಬದಿಯ ಬಟ್ಟೆ ಮುಖಕ್ಕೆ ಹತ್ತಿರವಿರುತ್ತದೆ ಮತ್ತು ದೂರದಿಂದ ನೋಡುವವರಿಗೆ ಮಗು ಕಾಣುವುದೇ ಇಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೂ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೂ ಈ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ನಾಲ್ಕೈದು ವರ್ಷದ ಅಣ್ಣನೋ ಅಕ್ಕನೋ ಇದ್ದರೆ ಖಾಲಿ ಜೋಲಿ ಅವರ ಉಯ್ಯಾಲೆಯಾಗುತ್ತದೆ. ಸೀರೆ ಹುರಿಗೊಂಡು ಕುತ್ತಿಗೆಗೆ ಸುತ್ತಿಕೊಂಡ ದುರ್ಘಟನೆಗಳು ನಡೆದಿವೆ. ತೂಗುಹಾಕುವ ಜಾಗವೂ ಯೋಚಿಸಬೇಕಾದದ್ದು. ಹಳೆಯ ಹಂಚಿನ ಮನೆಯ ಜಂತಿ ನಾಲ್ಕು ತಲೆಮಾರನ್ನು ತೂಗಿರಬಹುದು, ಆದರೆ ತಾರಸಿ ಮನೆಯ ಫ್ಯಾನಿನ ಕೊಂಡಿ ಸಮುದ್ರದ ಗಾಳಿಗೆ ಎಷ್ಟು ತುಕ್ಕು ತಿಂದಿದೆ ಎಂಬುದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ಪೈಪಿನ ಸ್ಟ್ಯಾಂಡು ಮತ್ತು ಸ್ಪ್ರಿಂಗ್ ಇರುವ ಅಂಗಡಿಯ ಜೋಲಿ, ನಾನು 2024ರಲ್ಲಿ ವಿಚಾರಿಸಿದಾಗ, ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿತ್ತು. ಕೊಂಡಿಯ ಚಿಂತೆ ಅದರಲ್ಲಿ ತಪ್ಪುತ್ತದೆ, ಬಾಗಿದ ತಳದ ಚಿಂತೆ ತಪ್ಪುವುದಿಲ್ಲ, ಸ್ಪ್ರಿಂಗ್ ತುಕ್ಕಿನ ಚಿಂತೆ ಹೊಸದಾಗಿ ಸೇರುತ್ತದೆ. ವಿದ್ಯುತ್ತಿನಿಂದ ತಾನೇ ತೂಗುವ ತೊಟ್ಟಿಲನ್ನು ಕೆಲವರು ಕೇಳುತ್ತಾರೆ. ಗಾಳಿಮಳೆಗೆ ದಿನಕ್ಕೆಷ್ಟು ಸಲ ಕರೆಂಟು ಹೋಗುತ್ತದೆ ಎಂಬುದನ್ನು ನೆನೆದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ಜೋಲಿಯನ್ನು ಬಿಟ್ಟೇಬಿಡಬೇಕೇ? ನನ್ನ ತೀರ್ಮಾನ ಹೀಗಿದೆ: ಅದು ಅಳು ನಿಲ್ಲಿಸುವ ಸಾಧನವಾಗಲಿ, ಹಾಸಿಗೆಯಾಗದಿರಲಿ. ಒಬ್ಬರು ಪಕ್ಕದಲ್ಲಿ ಕೂತು, ಮುಖ ಕಾಣುವಂತೆ ತೂಗಿ, ನಿದ್ದೆ ಹತ್ತಿದ ಕೂಡಲೇ ಸಮತಟ್ಟಾದ ಹಾಸಿಗೆಗೆ ಎತ್ತಿ ಹಾಕುವುದಾದರೆ ಇರಲಿ. ರಾತ್ರಿಯಿಡೀ ಮಲಗಿಸಲು ಬೇಡ. ಸಂಜೆ ಮಾವಶಿ ಬಂದು ಕೂತಾಗ ಮಾತ್ರ ನಮ್ಮ ಮನೆಯ ಜೋಲಿಗೆ ಕೆಲಸವಿರುತ್ತಿತ್ತು.

ಮರದ ತೊಟ್ಟಿಲಿಗೆ ಬಂದರೆ, ಈ ಭಾಗದವರಿಗೆ ಮೊದಲು ನೆನಪಾಗುವುದು ಕಲಘಟಗಿಯದು. ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿಯಲ್ಲಿ ಸಿಗುವ ಆ ಊರಿನ ಚಿತ್ರಗಾರರು ಅರಗಿನ ಬಣ್ಣದಲ್ಲಿ ಪುರಾಣದ ಪ್ರಸಂಗಗಳನ್ನು ಬರೆದು ಮಾಡುವ ತೊಟ್ಟಿಲು ಉತ್ತರ ಕರ್ನಾಟಕದಲ್ಲೆಲ್ಲ ಹೆಸರುವಾಸಿ. ಅರಬೈಲ್ ಘಟ್ಟ ಇಳಿಸಿ ತಂದರೆ ಮನೆಗೊಂದು ಆಸ್ತಿ. ಆದರೆ ಅದರ ಬೆಲೆ ಹತ್ತಾರು ಸಾವಿರಗಳಲ್ಲಿ ಇರುತ್ತದೆ, ಮಾಡಿಸಿ ಪಡೆಯಲು ಕಾಯಬೇಕು, ಮತ್ತು ಮಗು ಅದರಲ್ಲಿ ಮಲಗುವುದು ನಾಲ್ಕೈದು ತಿಂಗಳು ಮಾತ್ರ. ಮಗು ಮಗುಚಿಕೊಳ್ಳಲು ಅಥವಾ ಕೈಯೂರಿ ಏಳಲು ಆರಂಭಿಸಿದ ದಿನವೇ ತೂಗುವ ತೊಟ್ಟಿಲಿನ ಕೆಲಸ ಮುಗಿಯಿತೆಂದು ತಿಳಿಯಬೇಕು. ಮೂರ್ನಾಲ್ಕು ಮಕ್ಕಳು ಹುಟ್ಟುವ ಒಟ್ಟುಕುಟುಂಬಕ್ಕೆ ಅದು ಹೊಂದುವ ಖರ್ಚು. ಮೂರು ವರ್ಷಕ್ಕೊಮ್ಮೆ ಲಾರಿ ಹತ್ತುವ ನೌಕರದಾರರಿಗೆ, ನನ್ನ ಮಟ್ಟಿಗೆ, ಅಲ್ಲ.

ಊರಿನ ಆಚಾರಿಯಿಂದ ಸಾದಾ ತೊಟ್ಟಿಲು ಮಾಡಿಸುವುದು ಮಧ್ಯದ ದಾರಿ. ಸಾಗುವಾನಿ ಮಳೆಯನ್ನೂ ಒರಲೆಯನ್ನೂ ತಡೆಯುತ್ತದೆ, ದುಬಾರಿ. ಹಲಸು ಅಗ್ಗ, ಚೆನ್ನಾಗಿ ಹದವಾಗಿ ಒಣಗಿದ್ದರೆ ಸಾಕಷ್ಟು ಬಾಳುತ್ತದೆ. ಬೆತ್ತದ ತೊಟ್ಟಿಲು ಹಗುರ, ಗಾಳಿಯಾಡುತ್ತದೆ, ನೋಡಲು ಚಂದ, ಆದರೆ ಹೆರಿಗೆಯ ದಿನ ಮೇ ಮತ್ತು ಸೆಪ್ಟೆಂಬರ್ ನಡುವೆ ಇದ್ದರೆ ಬೂಷ್ಟಿನ ಜೊತೆ ದಿನವೂ ಹೋರಾಡಲು ಸಿದ್ಧರಿರಬೇಕು. ಯಾರಿಂದಲಾದರೂ ಎರವಲು ಸಿಕ್ಕಿದರೆ ಅತ್ಯುತ್ತಮ. ಹಲವು ಮಕ್ಕಳನ್ನು ತೂಗಿದ ತೊಟ್ಟಿಲು ಶುಭವೆಂಬ ನಂಬಿಕೆ ಇಲ್ಲಿ ನಮ್ಮ ಜೇಬಿನ ಪರವಾಗಿಯೇ ಇದೆ. ಎರವಲಿನದನ್ನು ಬಳಸುವ ಮುನ್ನ ಮೂರು ಸಂಗತಿ ನೋಡಿ. ಬಣ್ಣ ಹಳೆಯದೇ ಎಂಬುದು ಮೊದಲನೆಯದು: ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು ಮರುವರ್ಷ ಜಾರಿಯಾಯಿತು, ಅದಕ್ಕಿಂತ ಹಳೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಮಗುವಿನ ಬಾಯಿಗೆ ಸಿಗುವಲ್ಲಿ ಅದು ಇರಬಾರದು. ಎರಡನೆಯದಾಗಿ ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರ್ ಮೀರಬಾರದು. ಮೀರಿದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಮೂರನೆಯದಾಗಿ, ಮಗು ನಿದ್ದೆಹೋದ ಮೇಲೆ ತೊಟ್ಟಿಲು ಅಲುಗದೆ, ಓರೆಯಾಗದೆ ನಿಲ್ಲುವಂತೆ ಮಾಡುವ ಕೀಲಿಯೋ ಬೆಣೆಯೋ ಇರಬೇಕು. ಒಂದು ಬದಿಗೆ ವಾಲಿದ ತೊಟ್ಟಿಲಿನಲ್ಲಿ ಕೂಸು ಜಾರಿ ಬದಿಯ ಹಲಗೆಗೆ ಮೂಗು ತಾಗಿಸಿಕೊಂಡು ಮಲಗುತ್ತದೆ.

ಬೇಬಿ ಕಾಟ್ ಎಂದು ಅಂಗಡಿಯವರು ಕರೆಯುವ ನಾಲ್ಕೂ ಬದಿಗೆ ಕಂಬಿಯಿರುವ ಪುಟ್ಟ ಮಂಚ ನಮ್ಮ ಹಳೆಯ ಮನೆಗಳಲ್ಲಿ ಇರಲಿಲ್ಲ, ಅದಕ್ಕೆ ಹಾಡಿಲ್ಲ, ಶಾಸ್ತ್ರವಿಲ್ಲ. ಹಾಗಿದ್ದೂ ಎರಡೇ ಕೈಗಳ ಮನೆಗೆ ನಾನು ಮೊದಲು ಸೂಚಿಸುವುದು ಇದನ್ನೇ. ಅದು ತೂಗುವುದಿಲ್ಲ ಎಂಬುದೇ ಅದರ ಗುಣ; ಕಾವಲು ಬೇಡದಂತೆ ಮಾಡಿದ ಸಾಧನ ಅದೊಂದೇ. ಬಾಣಂತಿ ಬಚ್ಚಲಿಗೆ ಹೋಗಬಹುದು, ಬಾಗಿಲು ತೆಗೆಯಬಹುದು, ಒಂದು ತುತ್ತು ಬಿಸಿಯಾಗಿ ಉಣ್ಣಬಹುದು. ಸಿಸೇರಿಯನ್ ಆದವರಿಗೆ ಇನ್ನೂ ಒಂದು ಲಾಭವಿದೆ: ಹಾಸಿಗೆಯ ಮಟ್ಟವನ್ನು ಮೇಲಕ್ಕೆ ಕಟ್ಟಿಕೊಂಡರೆ ಹೊಲಿಗೆಯ ಹೊಟ್ಟೆ ಹಿಡಿದು ನೆಲಕ್ಕೆ ಬಾಗುವುದು ತಪ್ಪುತ್ತದೆ. ಮಗು ಕೂರಲು ಆರಂಭಿಸಿದಾಗ ಅದೇ ತಳವನ್ನು ಕೆಳಗಿಳಿಸಬೇಕು, ಆಗ ಹಾಸಿಗೆಯ ತಳದಿಂದ ಕಂಬಿಯ ತುದಿಯವರೆಗೆ ಎರಡು ಅಡಿಗಿಂತ ಹೆಚ್ಚು ಎತ್ತರ ಸಿಗಬೇಕು. ಎರಡು ವರ್ಷ ದಾಟುವವರೆಗೂ ಬಳಕೆಗೆ ಬರುವುದರಿಂದ, ತಿಂಗಳ ಲೆಕ್ಕ ಹಾಕಿದರೆ ದುಬಾರಿಯೆನಿಸಿದ ಕಾಟ್ ತೊಟ್ಟಿಲಿಗಿಂತ ಅಗ್ಗವಾಗುತ್ತದೆ.

ತೊಡಕುಗಳಿಲ್ಲವೆಂದಲ್ಲ. ನಾಲ್ಕು ಅಡಿಗೂ ಮೀರಿದ ಜಾಗ ಬೇಡುತ್ತದೆ. ಎಂಟರಿಂದ ಹದಿನೈದು ಸಾವಿರದವರೆಗೆ ನನಗೆ ಹೇಳಿದ ಸಿದ್ಧ ಕಾಟ್‌ಗಳಲ್ಲಿ ಹಲವು ಒತ್ತಿದ ಹಲಗೆಯವು. ಮೊದಲ ಮಳೆಗಾಲಕ್ಕೇ ಅವುಗಳ ಅಂಚು ಹಪ್ಪಳದಂತೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಗಟ್ಟಿ ಮರದ್ದು ಸಿಗದಿದ್ದರೆ ಆಚಾರಿಗೆ ಅಳತೆ ಕೊಟ್ಟು ಮಾಡಿಸಿ: ಒಳಗಿನ ಉದ್ದ ಸುಮಾರು 130, ಅಗಲ 70 ಸೆಂಟಿಮೀಟರ್, ಕಂಬಿಗಳ ಅಂತರ ಆರಕ್ಕಿಂತ ಕಡಿಮೆ, ಮೂಲೆಯ ಕಂಬಗಳು ಮೇಲಕ್ಕೆ ಚಾಚಿರಬಾರದು, ತಿರುಪುಮೊಳೆಗಳು ಸ್ಟೇನ್‌ಲೆಸ್ ಸ್ಟೀಲಿನವು, ಒರೆಸಿದರೆ ಬಣ್ಣ ಬಿಡದ ನಯವಾದ ಮೈ. ನಮ್ಮ ಕಡೆಯ ಆಚಾರಿಗಳು ಚಂದಕ್ಕೆಂದು ಮೂಲೆಗೆ ಒಂದೊಂದು ಕಳಶ ಕೆತ್ತಲು ಹಾತೊರೆಯುತ್ತಾರೆ. ಮಗುವಿನ ಅಂಗಿ ಅದಕ್ಕೆ ಸಿಕ್ಕುತ್ತದೆಂದು ಹೇಳಿ ತಡೆಯಬೇಕು. ಒಂದು ಬದಿ ಕೆಳಗೆ ಜಾರುವ ಕಾಟ್ ಸೊಂಟಕ್ಕೆ ಸುಖವೆಂದು ಅನಿಸಿದರೂ, ಆ ಜಾರುಬದಿ ಕಳಚಿ ಮಕ್ಕಳು ಸಿಕ್ಕಿಕೊಂಡ ಕಾರಣಕ್ಕೆ ಅಮೆರಿಕ ಅದರ ತಯಾರಿಕೆ ಮತ್ತು ಮಾರಾಟವನ್ನು 2011ರಲ್ಲಿ ನಿಷೇಧಿಸಿದೆ. ಕಂಬಿಗೆ ಸುತ್ತಲೂ ಕಟ್ಟುವ ಮೆತ್ತೆಯನ್ನೂ ಅದೇ ದೇಶ 2022ರಲ್ಲಿ ನಿಷೇಧಿಸಿತು. ಇಲ್ಲಿ ಅದನ್ನು ಇನ್ನೂ ಉಡುಗೊರೆಯಾಗಿ ಕೊಡುವವರಿದ್ದಾರೆ. ಒಂದು ಬದಿ ತೆರೆದು ದೊಡ್ಡ ಮಂಚಕ್ಕೆ ಅಂಟಿಸುವ ಕಾಟ್ ಹಾಲೂಡಿಸಲು ಅನುಕೂಲ, ಆದರೆ ಎರಡರ ನಡುವೆ ಬೆರಳು ತೂರುವಷ್ಟು ಸಂದೂ ಬೀಳದಂತೆ ಬಿಗಿಯಬಲ್ಲವರು ಮಾತ್ರ ಅದರ ಗೋಜಿಗೆ ಹೋಗಬೇಕು.

ಉಳಿದದ್ದು ಅತ್ತೆ ಹೇಳಿದ ದಾರಿ, ತಾಯಿಯ ಪಕ್ಕ. ಇದಕ್ಕೆ ಹಣ ಬೇಡ, ಜಾಗ ಬೇಡ, ನಡುರಾತ್ರಿ ಏಳುವುದೂ ಬೇಡ. ಹಾಲೂಡಿಸುವ ತಾಯಂದಿರು ಇದನ್ನು ಇಷ್ಟಪಡುವುದು ಸಹಜ. ಆದರೆ ಅಂದಿನ ತಾಯಂದಿರು ಮಲಗುತ್ತಿದ್ದದ್ದು ಚಾಪೆಯ ಮೇಲೆ ಹಾಸಿದ ತೆಳು ಹಾಸಿಗೆಯಲ್ಲಿ, ನಾವು ಮಲಗುವುದು ಒಂದು ಗೇಣು ಫೋಮ್ ಇರುವ ಮಂಚದ ಮೇಲೆ. ಮೆತ್ತನೆಯ ಹಾಸಿಗೆ, ದಪ್ಪ ರಜಾಯಿ, ಸೋಫಾ ಇವು ಕೂಸಿಗೆ ಅಪಾಯ. ತಂದೆತಾಯಿಯರಲ್ಲಿ ಒಬ್ಬರು ಬೀಡಿ ಸಿಗರೇಟು ಸೇದುವವರಾಗಿದ್ದರೆ, ಕುಡಿದಿದ್ದರೆ, ಮಂಪರು ತರುವ ಮಾತ್ರೆ ತೆಗೆದುಕೊಂಡಿದ್ದರೆ, ಅಥವಾ ಮಗು ತಿಂಗಳು ತುಂಬದೆ ಹುಟ್ಟಿದ್ದರೆ ಒಂದೇ ಹಾಸಿಗೆ ಖಂಡಿತ ಕೂಡದು. ಆಪರೇಷನ್ ಆದ ಮೊದಲ ವಾರದ ನೋವಿನ ಮಾತ್ರೆಗಳಲ್ಲಿ ಮಂಪರಿನವು ಇವೆಯೇ ಎಂದು ವೈದ್ಯರನ್ನೇ ಕೇಳಿ. ನೆಲದ ಹಾಸಿಗೆಗೆ ಮಳೆಗಾಲದಲ್ಲಿ ಇನ್ನೊಂದು ಕೊರತೆ, ನೆಲ ಬೆವರುತ್ತದೆ. ನೆಲಮಹಡಿಯವರಾದರೆ ಇರುವೆ, ಜರಿಗಳ ಕಾಟವೂ ಇದೆ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಮಗಳು ಹುಟ್ಟಿದ್ದು 2024ರ ಜುಲೈ ಕೊನೆಯಲ್ಲಿ. ಕುಮಟಾದ ಆಚಾರಿಯೊಬ್ಬರಿಗೆ ಕಾಟ್ ಹೇಳಿಟ್ಟಿದ್ದೆವು. ಅದು ಸಿದ್ಧವಾಗುವ ಹೊತ್ತಿಗೆ, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಜೀವಗಳೇ ಹೋದ ಆ ದುರಂತದ ಮುಂದೆ ನಮ್ಮ ಮಂಚದ ಲೆಕ್ಕ ಹೇಳಲು ಸಂಕೋಚವಾಗುತ್ತದೆ. ಆದರೂ ಮಗು ಮನೆಗೆ ಬಂದಾಗ ಮಲಗಿಸಲು ಜಾಗವಿರಲಿಲ್ಲ ಎಂಬುದು ನಿಜ. ದೊಡ್ಡ ಮಂಚದ ಫೋಮ್ ಹಾಸಿಗೆಯನ್ನು ಎತ್ತಿ ಹೊರಹಾಕಿ, ನಾರಿನ ಗಟ್ಟಿ ಹಾಸಿಗೆ ತರಿಸಿ ಹಾಸಿ, ಮಂಚವನ್ನು ಗೋಡೆಯಿಂದ ದೂರ ಸರಿಸಿ, ನನ್ನವರು ನೆಲದಲ್ಲಿ ಚಾಪೆಯ ಮೇಲೆ ಮಲಗಿ, ನಾನು ದಿಂಬು ಹೊದಿಕೆಗಳನ್ನು ಬಿಟ್ಟು ಮೂರು ವಾರ ಕಳೆದೆವು. ಬೀಳುವ ಭಯಕ್ಕೆ ನಿದ್ದೆ ಬರುತ್ತಿರಲಿಲ್ಲ. ಕಾಟ್ ಬಂದ ರಾತ್ರಿ ನಾನು ಎರಡು ಗಂಟೆ ಒಂದೇ ಸಮನೆ ಮಲಗಿದೆ. ಈ ಲೇಖನದಲ್ಲಿ ನನಗೆ ಕಾಟ್ ಮೇಲೆ ಪಕ್ಷಪಾತವಿದೆಯೆಂದು ಓದುಗರಿಗೆ ಅನಿಸಿದರೆ, ಆ ಎರಡು ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಯಾವುದನ್ನು ಆರಿಸಿದರೂ ಒಳಗಿನ ಹಾಸಿಗೆ ಸರಿಯಿರಬೇಕು. ಅಂಗೈ ಒತ್ತಿ ಎತ್ತಿದಾಗ ಗುಂಡಿ ಉಳಿಯಬಾರದು, ಹಾಸಿಗೆಯ ಅಂಚಿಗೂ ಕಂಬಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಹತ್ತಿಯ ಹಾಸಿಗೆ ಬೇಸಿಗೆಯ ಕೂಸಿಗೆ ಸುಖ, ಆದರೆ ಮಳೆಯಲ್ಲಿ ತೇವ ಹೀರಿ ಗಂಟುಗಟ್ಟುತ್ತದೆ. ತೆಂಗಿನ ನಾರಿನದು ಗಟ್ಟಿಯಾಗಿಯೂ ಗಾಳಿಯಾಡುವಂತೆಯೂ ಇರುವುದರಿಂದ ಕರಾವಳಿಗೆ ಹೆಚ್ಚು ಹೊಂದುತ್ತದೆ. ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ನೂಲಿನ ಬಟ್ಟೆ ಸಾಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳನ್ನು ಕಂಡವರಿಗೆ ಮಗುವಿಗೊಂದು ಬೇಕೆನಿಸದಿರದು. ಕೊಳ್ಳಿರಿ, ಎಚ್ಚರವಿರುವ ಮಗುವನ್ನು ಹಗಲಲ್ಲಿ ನೆಲದ ಮೇಲೆ ಆಡಲು ಬಿಡುವಾಗ ಹಾಸಿರಿ, ರಾತ್ರಿ ಹೊದಿಸಬೇಡಿ.

ಸೊಳ್ಳೆಪರದೆಯಲ್ಲಿ ಉಳಿತಾಯ ಬೇಡ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಹಗಲುನಿದ್ದೆಗೂ ಪರದೆ ಬೇಕು. ಕಾಟ್‌ಗೆ ನಾಲ್ಕು ಮೂಲೆಯಿಂದ ಬಿಗಿಯಾಗಿ ಎಳೆದು ಕಟ್ಟುವ ಪರದೆ ಒಳ್ಳೆಯದು. ಕೊಡೆಯಂತೆ ಮಡಿಸುವ ಪುಟ್ಟ ಪರದೆ ಅಗ್ಗ, ನೆಲದ ಹಾಸಿಗೆಗೆ ಸಾಕು, ಆದರೆ ಮಗು ಕೈಕಾಲು ಬೀಸಿ ಅದನ್ನು ಮುಖದ ಮೇಲೆ ಎಳೆದುಕೊಳ್ಳುವ ವಯಸ್ಸು ಬಂದಾಗ ಬಿಡಬೇಕು. ಸೊಳ್ಳೆಬತ್ತಿಯ ಹೊಗೆಯನ್ನೂ, ಸ್ನಾನದ ನಂತರ ಕೊಡುವ ಲೋಬಾನದ ಹೊಗೆಯನ್ನೂ ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಕುಡಿಸಬೇಡಿ. ಹಾಗೆಯೇ, ಟ್ರಂಕಿನಲ್ಲಿ ಡಾಂಬರು ಗುಳಿಗೆಯ ಜೊತೆ ಇಟ್ಟಿದ್ದ ಹಳೆಯ ಸೀರೆ, ಕುಲಾವಿ, ಲಂಗೋಟಿಗಳನ್ನು ನೇರವಾಗಿ ಬಳಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಮತ್ತು ಆ ಕೊರತೆ ಇದೆಯೆಂದು ಹೆಚ್ಚಿನ ಮನೆಗಳಿಗೆ ಮೊದಲೇ ತಿಳಿದಿರುವುದಿಲ್ಲ. ತವರಿನಿಂದ ಪಾರ್ಸೆಲ್ ಕಳುಹಿಸುವವರಿಗೆ ಗುಳಿಗೆ ಹಾಕಬೇಡಿರೆಂದು ಇವತ್ತೇ ಫೋನು ಮಾಡಿ.

ಇನ್ನು ಯಾರಿಗೆ ಯಾವುದು ಎಂಬುದಕ್ಕೆ ಬರೋಣ. ಕೈಯಲ್ಲಿ ಎರಡು ಸಾವಿರವೂ ಕಷ್ಟವಾಗಿದ್ದರೆ, ಇರುವ ಹಣವನ್ನು ಒಂದು ಗಟ್ಟಿ ನಾರಿನ ಹಾಸಿಗೆಗೂ ಕೊಡೆಯ ಪರದೆಗೂ ಹಾಕಿ, ನಿಮ್ಮ ಹಾಸಿಗೆಯ ಪಕ್ಕ ಕೈಯಳತೆಯಲ್ಲಿ ಮಗುವಿಗೆ ಬೇರೆಯಾಗಿ ಹಾಸಿರಿ. ಚೆಂದದ ಸ್ಪ್ರಿಂಗ್ ಜೋಲಿಗಿಂತ ಅದು ಮೇಲು. ಅತ್ತೆಯೋ ಅಮ್ಮನೋ ಮೂರು ತಿಂಗಳು ಬಂದು ಇರುವುದು ಖಚಿತವಾಗಿದ್ದರೆ ಎರವಲು ತೊಟ್ಟಿಲು ತಂದು ನೆಮ್ಮದಿಯಿಂದಿರಿ, ಅವರು ಹೊರಡುವ ಹೊತ್ತಿಗೆ ಮಗು ತೊಟ್ಟಿಲನ್ನು ಮೀರುವ ಹಂತಕ್ಕೆ ಬರುತ್ತಿರುತ್ತದೆ, ಕಾಟ್ ವಿಚಾರ ಆಗ ನೋಡಬಹುದು. ಗಂಡ ಪಾಳಿಯ ಕೆಲಸದವರಾಗಿದ್ದು ನೀವು ಒಬ್ಬರೇ ಇರುವವರಾದರೆ, ಅಥವಾ ಸಿಸೇರಿಯನ್ ಸಾಧ್ಯತೆಯನ್ನು ವೈದ್ಯರು ಹೇಳಿದ್ದರೆ, ಬೇರೆ ಖರ್ಚು ಕಡಿಮೆ ಮಾಡಿಯಾದರೂ ಕಾಟ್ ಮಾಡಿಸಿ. ವರ್ಷದೊಳಗೆ ವರ್ಗಾವಣೆಯ ಸೂಚನೆಯಿದ್ದರೆ ಬಿಚ್ಚಿ ಜೋಡಿಸಬಲ್ಲ ಕಾಟ್ ಇರಲಿ, ಇಲ್ಲವೇ ಊರು ಬಿಡುತ್ತಿರುವ ಇನ್ನೊಂದು ಕುಟುಂಬದಿಂದ ಕೊಳ್ಳಿ. ಕ್ವಾರ್ಟರ್ಸುಗಳಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಂಥವು ಸಿಗುತ್ತವೆ. ಶಿರಸಿ, ಸಿದ್ದಾಪುರದ ಕಡೆ ಘಟ್ಟದ ಮೇಲೆ ಇರುವವರಿಗೂ ಇದೇ ಲೆಕ್ಕ ಹೊಂದುತ್ತದೆ. ಅಲ್ಲಿ ಉಪ್ಪುಗಾಳಿಯಿಲ್ಲ, ತುಕ್ಕಿನ ಭಯ ಕಡಿಮೆ, ಥಂಡಿಗೆ ಒಂದು ಪದರ ಅಂಗಿ ಹೆಚ್ಚು ಬೇಕು.

ಹುಟ್ಟುವ ಮೊದಲು ತೊಟ್ಟಿಲು ತರಬಾರದು, ಖಾಲಿ ತೊಟ್ಟಿಲು ತೂಗಬಾರದು ಎಂಬ ಹಿರಿಯರ ಮಾತನ್ನು ಮುರಿಯಲು ಮನಸ್ಸಿಲ್ಲದವರು ಹಲವರಿದ್ದಾರೆ, ನನ್ನ ಅಮ್ಮನೂ ಅವರಲ್ಲಿ ಒಬ್ಬರು. ಅದಕ್ಕೂ ದಾರಿಯಿದೆ. ಏಳನೆಯ ತಿಂಗಳಲ್ಲಿಯೇ ಮಾಡಿಸಿ, ಹಣ ಕೊಟ್ಟು, ಅದೇ ಊರಿನ ಪರಿಚಿತರ ಮನೆಯಲ್ಲಿ ಬಿಚ್ಚಿದ ಸ್ಥಿತಿಯಲ್ಲಿ ಇಡಿಸಿ. ಆಸ್ಪತ್ರೆಯಲ್ಲಿ ಕಳೆಯುವ ದಿನಗಳಲ್ಲಿ ತಂದು ಜೋಡಿಸಬಹುದು. ನಾವು ಮಾಡಿದ ತಪ್ಪೆಂದರೆ ಅದನ್ನು ಇನ್ನೊಂದು ತಾಲ್ಲೂಕಿನಲ್ಲಿ ಬಿಟ್ಟದ್ದು. ಹೆರಿಗೆ ಮಳೆಗಾಲದಲ್ಲಿದ್ದರೆ ಎಲ್ಲ ಸಾಮಾನೂ ಮೇ ಮುಗಿಯುವ ಮುನ್ನ ನೀವಿರುವ ಊರಿನೊಳಗೆ ಬಂದಿರಬೇಕು.

ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೂರು ಕಿಲೋ ಅಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಟ್ ಅಥವಾ ತೊಟ್ಟಿಲಿನಲ್ಲಿ ಮಲಗಿಸಿ, ದೀಪ ಆರಿಸಿ. ಬಾಣಂತಿಯಾಗಲಿರುವವಳ ಬದಲು ಗಂಡನೇ ಮಂಚದ ಮೇಲೆ ಮಲಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಏಳಲಿ. ಪರದೆ ಸರಿಸಿ, ಅಕ್ಕಿಯನ್ನು ಎತ್ತಿ, ಹಾಲೂಡಿಸುವ ಜಾಗದಲ್ಲಿ ಕೂತು, ಮತ್ತೆ ಮಲಗಿಸಿ ಬರಲಿ. ಎಲ್ಲಿ ಕಾಲು ತಾಗುತ್ತದೆ, ಯಾವ ಕಂಬಿ ಎತ್ತರವಾಯಿತು, ಪರದೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಎರಡು ಸಲದಲ್ಲಿ ತಿಳಿಯುತ್ತದೆ. ಕಳೆದ ತಿಂಗಳು ಪರಿಚಿತರ ಮನೆಯಲ್ಲಿ ಹೀಗೆ ಮಾಡಿದಾಗ ಕಾಟನ್ನು ಕಿಟಕಿಯ ಬದಿಯಿಂದ ಕಪಾಟ ಬದಿಗೆ ಸರಿಸಬೇಕಾಯಿತು, ಪರದೆಯ ಒಂದು ಗಂಟನ್ನು ಕೆಳಗಿಳಿಸಬೇಕಾಯಿತು. ಅಕ್ಕಿ ಮರುದಿನ ಗಂಜಿಗಾಯಿತು.